ಮೂರನೇ ಕಿಟಕಿಯ ತಕರಾರುದಾರ

"ಆ ಕೊನೇ ಸಾಲು ಓದಪ್ಪಾ," ಎಂದರು ಕ್ಯಾಷಿಯರಮ್ಮ. "ಗಟ್ಟಿಯಾಗಿ ಓದು. ಸಾಹೇಬರಿಗೂ ಕೇಳ್ಲಿ."

ದರ್ಜಿಯ ಮಗ ಓದಲಿಲ್ಲ. ಮೊಬೈಲ್ ಕವರುಗಳನ್ನು ಜೋಡಿಸಿಟ್ಟ ಗಾಜಿನ ಮೇಜಿನ ಹಿಂದೆ ಕುಳಿತಿದ್ದವನು ರಸೀದಿಯ ಮೇಲೆ ಬೆರಳಿಟ್ಟು ಅದನ್ನು ಅವರ ಕಡೆಗೇ ನೂಕಿದ.

"ನಿಮಗೇನು ಕಣ್ಣಿಲ್ವಾ? ಮೂವತ್ತು ವರ್ಷ ಕಿಟಕಿ ಹಿಂದೆ ಕೂತು ಜನರ ಜೀವ ಹಿಂಡಿದ್ದು ಸಾಲ್ದೇ ಹೋಯ್ತಾ? ರಿಟೈರಾದ ಮೇಲೆ ಮನೆಮನೆಗೂ ಬಂದು ಶುರು ಹಚ್ಕೊಂಡಿದ್ದೀರಾ?"

ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಕೈಗಡಿಯಾರ ನೋಡಿಕೊಂಡರು.

"ಅಮ್ಮಾ, ಹನ್ನೆರಡರ ತನಕ ಅಂತ ಒಪ್ಪಿದ್ದೀನಿ. ಈಗ ಹನ್ನೊಂದೂ ಹತ್ತು."

ಹನ್ನೆರಡಕ್ಕೆ ಅವರು ಠಾಣೆಗೆ ಹೋಗಿ ಕಡತ ಮುಚ್ಚಲಿದ್ದರು. ಮುದುಕ ದರ್ಜಿ ಕಾಣೆಯಾಗಿ ಅಂದಿಗೆ ಎಂಟು ದಿನ. ಮಂಗಳವಾರ ಬೆಳಿಗ್ಗೆ ಮನೆಯ ಕಂದಾಯವನ್ನು ಆನ್‌ಲೈನಿನಲ್ಲಿ ಕಟ್ಟಿ, ಮನಸ್ಸು ಹಗುರ ಮಾಡಿಕೊಂಡು ಯಾತ್ರೆಗೆ ಹೋದರು ಎಂಬುದು ಮಗನ ಹೇಳಿಕೆ. ಅದಕ್ಕೆ ಸಾಕ್ಷಿ ಈ ರಸೀದಿ. ರಸೀದಿ ನಿಜವಾದರೆ ಮುದುಕ ತನ್ನಿಷ್ಟದಂತೆ ಹೋದವನು. ಹುಡುಕುವವರು ಯಾರೂ ಇಲ್ಲ. ಸುಳ್ಳಾದರೆ ಅವನು ಎಲ್ಲಿದ್ದಾನೆ, ಇದ್ದಾನೆಯೇ ಎಂದು ಕೇಳಲೇಬೇಕಾಗುತ್ತದೆ.

ಸಬ್ ಇನ್‌ಸ್ಪೆಕ್ಟರಿಗೆ ಕ್ಯಾಷಿಯರಮ್ಮನ ಒಂದು ಹಳೆಯ ಋಣವಿತ್ತು. ಹೋದ ವರ್ಷ ಒಂದು ನಕಲಿ ಚಲನ್ನನ್ನು ಅವರು ಬೆರಳಲ್ಲಿ ಸವರಿಯೇ ಹಿಡಿದುಕೊಟ್ಟಿದ್ದರು. ಆ ಋಣದ ಬೆಲೆ ಈ ಒಂದು ಗಂಟೆ.

"ಸರಿ, ನಾನೇ ಓದ್ತೀನಿ." ಕ್ಯಾಷಿಯರಮ್ಮ ಕನ್ನಡಕ ಏರಿಸಿಕೊಂಡರು. "ಮೊದಲ ಕಂತಿನ ಕಂದಾಯ ಆರು ಸಾವಿರದ ಇನ್ನೂರ ನಲವತ್ತು. ಅದರ ಕೆಳಗೆ, ಅನುಕೂಲ ಶುಲ್ಕ, ತೊಂಬತ್ತಮೂರು ರೂಪಾಯಿ ಅರವತ್ತು ಪೈಸೆ."

"ಹೌದು. ಆನ್‌ಲೈನಲ್ಲಿ ಕಟ್ಟಿದ್ರೆ ಎಲ್ಲರಿಗೂ ಹಾಕ್ತಾರೆ. ನಿಮ್ಮ ಆಫೀಸಿನವರೇ ಹಾಕಿದ್ದು. ನನ್ನನ್ನ್ಯಾಕೆ ಕೇಳ್ತೀರಾ?"

"ನಿಮ್ಮಪ್ಪ ಇದನ್ನ ಕಟ್ಟಿದ್ರು ಅಂತೀಯಾ?"

"ಕಟ್ಟಿದ್ರು."

ಕ್ಯಾಷಿಯರಮ್ಮ ನಕ್ಕರು. ಅದು ಒಳ್ಳೆಯ ನಗೆಯಾಗಿರಲಿಲ್ಲ.

ಆ ಮುದುಕನನ್ನು ಅವರು ಬಲ್ಲಷ್ಟು ಅವನ ಮಕ್ಕಳೂ ಬಲ್ಲವರಲ್ಲ. ಕಂದಾಯ ಕಚೇರಿಯ ಮೂರನೇ ಕಿಟಕಿಯಲ್ಲಿ ಅವರು ಕುಳಿತಿದ್ದಷ್ಟು ಕಾಲ, ವರ್ಷದ ಮೊದಲ ದಿನ ಬಾಗಿಲು ತೆಗೆಯುವ ಮುಂಚೆಯೇ ಬಂದು ಸಾಲಿನ ಮೊದಲಿಗೆ ನಿಲ್ಲುತ್ತಿದ್ದವನು ಅವನು. ಕಚೇರಿಯವರೆಲ್ಲ ಅವನನ್ನು ತಕರಾರು ತಾತ ಎನ್ನುತ್ತಿದ್ದರು. ಅವನು ಅವರನ್ನು ಕಿಟಕಿಯಮ್ಮ ಎನ್ನುತ್ತಿದ್ದ.

ಅನುಕೂಲ ಶುಲ್ಕದ ಸೂಚನೆಯನ್ನು ಕಚೇರಿಯ ಗೋಡೆಗೆ ಅಂಟಿಸಿದ ದಿನ ಅವನು ಕಿಟಕಿಯ ಕಂಬಿ ಹಿಡಿದು ಕೂಗಾಡಿದ್ದು ಅವರಿಗೆ ಇನ್ನೂ ಕಿವಿಯಲ್ಲಿತ್ತು. "ಅನುಕೂಲ ಯಾರಿಗಮ್ಮಾ? ಹೆಸರು ಬರೆಯೋದು ನಾನು, ನಂಬರ್ ಹಾಕೋದು ನಾನು, ರಸೀದಿ ಪ್ರಿಂಟ್ ತೆಗೆಯೋದೂ ನಾನು. ನಿಮ್ಮ ಕೆಲಸ ನಾನು ಮಾಡಿ, ಮೇಲೆ ನಿಮಗೇ ಕೂಲಿ ಕೊಡ್ಬೇಕಾ? ಗಿರಾಕಿ ತನ್ನ ಅಂಗಿ ತಾನೇ ಹೊಲ್ಕೊಂಡ್ರೆ ನಾನು ಅವನ ಮನೆಗೆ ಹೋಗಿ ಮಜೂರಿ ಕೇಳ್ತೀನಾ?"

ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು. ಕ್ಯಾಷಿಯರಮ್ಮನಿಗೆ ನಗೆ ಬಂದಿರಲಿಲ್ಲ. ಅವನ ಮುಖದ ಮೇಲೆ ಕಿಟಕಿ ಎಳೆದು ಊಟಕ್ಕೆ ಎದ್ದುಹೋಗಿದ್ದರು.

"ಕೇಳಪ್ಪಾ," ಎಂದರು ಈಗ. "ಬ್ಯಾಂಕಿನ ಖಾತೆಯಿಂದ ನೇರ ಕಟ್ಟಿದ್ರೆ ಶುಲ್ಕ ಹನ್ನೆರಡೇ ರೂಪಾಯಿ. ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದ್ರೆ ಮಾತ್ರ ನೂರಕ್ಕೆ ಒಂದೂವರೆ. ಲೆಕ್ಕ ಹಾಕಿ ನೋಡು, ತೊಂಬತ್ತಮೂರು ಅರವತ್ತು. ನಿಮ್ಮಪ್ಪನ ಹತ್ರ ಕ್ರೆಡಿಟ್ ಕಾರ್ಡ್ ಇತ್ತಾ?"

ಅವನು ಮೊಬೈಲ್ ಕವರುಗಳನ್ನು ಸರಿಯಾಗಿ ಜೋಡಿಸತೊಡಗಿದ.

"ಪಾಸ್‌ಬುಕ್ಕನ್ನ ಬಟ್ಟೆಯಲ್ಲಿ ಸುತ್ತಿ, ಪಿನ್ನು ಚುಚ್ಚಿ ಇಟ್ಕೊಳ್ತಿದ್ದ ಮನುಷ್ಯ ಅವರು."

"ಯಾರೋ ಪಕ್ಕದವರ ಕೈಲಿ ಕಟ್ಟಿಸಿರಬಹುದು. ನಂಗೇನು ಗೊತ್ತು?"

"ಪಕ್ಕದವರು ಯಾರು? ಆ ಔಷಧಿ ಅಂಗಡಿಯವರಾ? ಈ ಮನೆಗೆ ಬೆಲೆ ಕಟ್ಟಿಟ್ಕೊಂಡು ಕೂತಿದ್ದಾರಲ್ಲ, ಅವರಾ?"

ಮಗ ತಟ್ಟನೆ ತಲೆಯೆತ್ತಿದ. "ಮನೆ ವಿಷಯ ನಿಮಗ್ಯಾಕೆ? ಅದು ನಮ್ಮ ಮನೆ ವಿಷಯ."

"ನಿಮ್ಮ ಮನೆ ವಿಷಯ ಅಂತ ಹೇಳೋಕೆ ಮನೆಯ ಯಜಮಾನ ಇಲ್ವಲ್ಲಪ್ಪಾ ಇಲ್ಲಿ."

ಸಬ್ ಇನ್‌ಸ್ಪೆಕ್ಟರ್ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದರು. ಅದೇ ಮೊದಲ ಸಲ ಅವರು ಗಡಿಯಾರವನ್ನು ಮರೆತಂತೆ ಕಂಡಿತು.

ಕ್ಯಾಷಿಯರಮ್ಮ ಎದ್ದು ಅಂಗಡಿಯನ್ನು ಒಂದು ಸುತ್ತು ನೋಡಿದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಕಾಲಕ್ಕೆ ಪೂರ್ತಿ ದರ್ಜಿಯದಾಗಿತ್ತು. ಮಗ ಮೊಬೈಲ್ ವ್ಯಾಪಾರ ತೆರೆದ ಮೇಲೆ ಗಾಜು, ದೀಪ, ಬಣ್ಣದ ಚಿತ್ರಗಳೆಲ್ಲ ಮುಂದಕ್ಕೆ ಬಂದು, ಮುದುಕನ ಕತ್ತರಿಸುವ ಹಲಗೆ ಹಿಂದಿನ ಮೂಲೆಗೆ ಸರಿದಿತ್ತು. ಹಲಗೆಯ ಮೇಲೆ ಸೀಮೆಸುಣ್ಣದ ಗೆರೆಗಳು ಹಾಗೇ ಇದ್ದವು. ಒಂದು ಅರ್ಧ ತೋಳು ಗುರುತು ಹಾಕಿ ಬಿಟ್ಟಿತ್ತು. ಗೋಡೆಯ ಮೊಳೆ ಖಾಲಿ.

"ಈ ಮೊಳೆಗೆ ಏನು ನೇತುಹಾಕ್ತಿದ್ರು?"

"ಕತ್ತರಿ."

"ಎಲ್ಲಿ?"

"ತಗೊಂಡು ಹೋದ್ರು. ಬಟ್ಟೆ ಚೀಲದಲ್ಲಿ ಹಾಕ್ಕೊಂಡಿದ್ದು ನಾನೇ ನೋಡ್ದೆ."

"ಯಾತ್ರೆಗೆ ಹೋಗೋರಿಗೆ ದೊಡ್ಡ ಕತ್ತರಿ ಯಾಕಪ್ಪಾ? ದೇವರಿಗೆ ಅಂಗಿ ಅಳತೆ ತಗೊಳ್ಳೋಕಾ?"

ಸಬ್ ಇನ್‌ಸ್ಪೆಕ್ಟರ್ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮಗನ ಕಿವಿ ಕೆಂಪಾಯಿತು.

ಹಲಗೆಯ ಪಕ್ಕದ ನೆಲದಲ್ಲಿ ನಾಲ್ಕು ಕಡೆ ಗಾರೆ ತಗ್ಗಾಗಿತ್ತು. ಭಾರವಾದ ಏನನ್ನೋ ಬಹಳ ವರ್ಷ ಇಟ್ಟಿದ್ದ ಗುರುತು.

"ಮಷೀನು?"

"ತಂಗಿ ತಗೊಂಡು ಹೋದ್ಲು. ಅಪ್ಪ ಹೋದ ಮಾರನೇ ದಿನಾನೇ ಗಾಡಿ ತಂದು ಹೇರಿಸ್ಕೊಂಡ್ಲು. ಅಪ್ಪನ ನೆನಪಿಗೆ ಬೇಕಂತೆ. ನಾಟಕ! ದರ್ಜಿ ಮಗಳಾಗಿ ಒಂದು ಗುಂಡಿ ಹಾಕೋಕೂ ಬರಲ್ಲ ಅವಳಿಗೆ."

"ಅವಳ ಮೇಲೆ ಮಾತಾಡ್ಬೇಡ. ಈ ಎಂಟು ದಿನ ಅಪ್ಪಾ ಅಪ್ಪಾ ಅಂತ ಅತ್ತಿದ್ದು ಅವಳೊಬ್ಬಳೇ. ನೀನು ಅಂಗಡಿ ಒಂದು ದಿನಾನೂ ಮುಚ್ಚಲಿಲ್ಲ."

"ನಿಮ್ಮ ಮಹಡಿ ಮೇಲೆ ಬಾಡಿಗೆಗೆ ಇರೋಳಲ್ವಾ? ನೀವು ಅವಳ ಕಡೆಗೇ."

ಅದು ನಿಜವೇ. ದರ್ಜಿಯ ಮಗಳು ಆಸ್ಪತ್ರೆಯಲ್ಲಿ ನರ್ಸು. ಎರಡು ವರ್ಷದಿಂದ ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದಳು. ಅಪ್ಪ ಕಾಣೆಯಾದ ಮೂರನೇ ದಿನ ಕೆಳಗಿಳಿದು ಬಂದು ಅವರ ಕಾಲ ಬಳಿ ಕುಳಿತು, "ದೊಡ್ಡಮ್ಮ, ಪೊಲೀಸ್ನೋರು ಕದಲಲ್ಲ. ಕಂದಾಯದ ಆಫೀಸಲ್ಲಿ ನಿಮ್ಮ ಮಾತು ನಡೆಯತ್ತೆ. ಅಣ್ಣ ಏನು ಮಾಡಿದ್ದಾನೋ ನೀವೇ ಕಂಡುಹಿಡೀಬೇಕು," ಎಂದಿದ್ದಳು. ಗಂಡ ಹೋದ ಮೇಲೆ ಆ ಮನೆಯಲ್ಲಿ ಒಬ್ಬರ ಕಷ್ಟವನ್ನು ಕೇಳುವ ಭಾಗ್ಯವೂ ಕ್ಯಾಷಿಯರಮ್ಮನಿಗೆ ಇರಲಿಲ್ಲ. ಕೇಳಿದರು, ಒಪ್ಪಿದರು.

ಮಷೀನು ಬಂದ ದಿನದಿಂದಲೂ ಮಹಡಿಯ ಮೇಲೆ ಅದರ ಸದ್ದು. ಟಕಟಕ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಇವತ್ತು ಒಂಬತ್ತೂವರೆಗೆ ಬಾಗಿಲಿಗೆ ಬೀಗ ಹಾಕುವಾಗಲೂ ಕೇಳಿಸುತ್ತಿತ್ತು. ಪಾಪ, ಹುಡುಗಿ ತನ್ನ ಚಿಂತೆಯನ್ನು ಹೊಲಿದು ಹಾಕುತ್ತಿದ್ದಾಳೆ ಎಂದುಕೊಂಡು, ಆ ಸದ್ದಿಗಾಗಿ ದೇವರಿಗೆ ಕೈಮುಗಿದೇ ಮೆಟ್ಟಿಲಿಳಿದಿದ್ದರು. ಖಾಲಿ ಮನೆಗೆ ಯಾವ ಸದ್ದಾದರೂ ಸರಿ, ಪ್ರಸಾದವೇ.

"ಅಮ್ಮಾ, ಹನ್ನೊಂದೂ ಇಪ್ಪತ್ತೈದು," ಎಂದರು ಸಬ್ ಇನ್‌ಸ್ಪೆಕ್ಟರ್.

ಕ್ಯಾಷಿಯರಮ್ಮ ಮತ್ತೆ ಕುಳಿತರು. ಚೀಲದಿಂದ ಇನ್ನೊಂದು ಕಾಗದ ತೆಗೆದು ಮೇಜಿನ ಮೇಲೆ ಮಗುಚಿ ಇಟ್ಟರು.

"ಕಾರ್ಡಿನ ಮಾತು ಬಿಡೋಣ. ಇನ್ನೊಂದು ಕೇಳ್ತೀನಿ. ನಿಮ್ಮಪ್ಪ ಪ್ರತಿ ವರ್ಷ ಚಲನ್ನಿನ ಹಿಂದೆ ಏನು ಬರೀತಿದ್ರು, ಗೊತ್ತಾ?"

"ನಂಗ್ಯಾಕೆ ಗೊತ್ತಿರತ್ತೆ?"

"ಗೊತ್ತಿರಬೇಕಿತ್ತು. 'ತಕರಾರಿಗೆ ಒಳಪಟ್ಟು ಕಟ್ಟಿದ್ದೇನೆ' ಅಂತ ಬರೆದು, ತಾರೀಕು ಹಾಕಿ, ರುಜು ಮಾಡ್ತಿದ್ರು. ನಿಮ್ಮ ಹಿತ್ತಿಲಲ್ಲಿ ಆ ತಗಡಿನ ಚಾವಣಿ ಇದೆಯಲ್ಲ, ನೀರಿನ ಹಂಡೆ ಇಡೋದು, ಅದನ್ನ ಆಫೀಸಿನೋರು ಒಂದು ಕೋಣೆ ಅಂತ ಅಳತೆಗೆ ಸೇರಿಸಿಬಿಟ್ಟಿದ್ರು. ಅದು ಕೋಣೆಯಲ್ಲ ಅಂತ ಹನ್ನೊಂದು ವರ್ಷದ ಮೇಲ್ಮನವಿ. ಹನ್ನೊಂದು ವರ್ಷ ಆ ಸಾಲು ಬರೆದಿದ್ದಕ್ಕೆ ಅದು ಇನ್ನೂ ಜೀವಂತ ಇದೆ. ಒಂದು ವರ್ಷ ಬರೀದೇ ಕಟ್ಟಿದ್ರೆ ಅಳತೆ ಒಪ್ಪಿಕೊಂಡ ಹಾಗೆ. ಕಡತ ಮುಗೀತು."

ಅವರು ರಸೀದಿಯನ್ನು ತಿರುಗಿಸಿ ಬಿಳಿಯ ಹಿಂಬದಿಯನ್ನು ತೋರಿಸಿದರು.

"ಆನ್‌ಲೈನಲ್ಲಿ ಅದನ್ನ ಬರೆಯೋಕೆ ಜಾಗಾನೇ ಇಲ್ಲ. ಹೆಸರಿಗೆ ಒಂದು ಚೌಕ, ಮೊಬೈಲ್ ನಂಬರಿಗೆ ಒಂದು ಚೌಕ, ಅಷ್ಟೇ. ಮುಂದಿನ ತಿಂಗಳು ಅವರ ವಿಚಾರಣೆ ಇತ್ತು. ಹನ್ನೊಂದು ವರ್ಷ ಕಾದ ಮನುಷ್ಯ ವಿಚಾರಣೆಗೆ ಒಂದು ತಿಂಗಳಿದೆ ಅನ್ನೋವಾಗ ತನ್ನ ಕುತ್ತಿಗೆ ತಾನೇ ಕುಯ್ಕೊಳ್ತಾನಾ? ಅದೂ ತೊಂಬತ್ತಮೂರು ರೂಪಾಯಿ ಅರವತ್ತು ಪೈಸೆ ಮಜೂರಿ ಕೊಟ್ಟು?"

ಮಗ ರಸೀದಿಯಿಂದ ಕಣ್ಣು ಕಿತ್ತು ಪೊಲೀಸರ ಕಡೆ ತಿರುಗಿದ.

"ಸಾಹೇಬ್ರೇ," ಎಂದ ಮಗ. "ಈಯಮ್ಮನಿಗೆ ಏನಧಿಕಾರ ಇದೆ? ನಾನು ಯಾಕೆ ಉತ್ತರ ಕೊಡ್ಬೇಕು?"

"ಆಯಮ್ಮನಿಗೆ ಕೊಡೋದು ಬೇಡ," ಎಂದರು ಸಬ್ ಇನ್‌ಸ್ಪೆಕ್ಟರ್. "ನನಗೆ ಕೊಡು."

ಕ್ಯಾಷಿಯರಮ್ಮ ಮಗುಚಿದ ಕಾಗದವನ್ನು ತಿರುಗಿಸಿದರು. ಕಂದಾಯ ಕಚೇರಿಯ ಮೊಹರು ಬಿದ್ದ ದೃಢೀಕೃತ ನಕಲು. ಅದರ ಮೂಲೆಗೆ, ನಕಲಿನ ಶುಲ್ಕ ಕಟ್ಟಿದ ಪುಟ್ಟ ಚೀಟಿಯೊಂದನ್ನು ಪಿನ್ನು ಹಾಕಿ ಸೇರಿಸಿತ್ತು. ನಿನ್ನೆ ಮಗಳು ಡ್ಯೂಟಿ ಮುಗಿಸಿ ಮೂರೂವರೆಗೆ ಕಚೇರಿಗೆ ಬಂದು, ಅವರು ಬೇಡವೆಂದರೂ ಕೇಳದೆ ತನ್ನ ಕಾರ್ಡು ಉಜ್ಜಿ ಆ ಶುಲ್ಕ ಕೊಟ್ಟಿದ್ದಳು. "ಕಾರ್ಡಾದ್ರೆ ಎರಡು ರೂಪಾಯಿ ಜಾಸ್ತಿ ಕಣಮ್ಮಾ," ಎಂದರೆ, ಕಣ್ಣೊರೆಸಿಕೊಂಡು ನಕ್ಕು, "ಅಪ್ಪನಿಗೆ ಹೇಳ್ಬೇಡಿ ದೊಡ್ಡಮ್ಮ," ಎಂದಿದ್ದಳು. ಆ ಮಾತಿಗೆ ಅವರ ಎದೆ ಕರಗಿತ್ತು.

"ಇದು ಆ ಮಂಗಳವಾರದ ಪಾವತಿಯ ವಿವರ. ಬೆಳಿಗ್ಗೆ ಹತ್ತೂ ನಲವತ್ತೆರಡು. ಕಟ್ಟಿದ ಕಾರ್ಡಿನ ಕೊನೇ ನಾಲ್ಕು ಅಂಕಿ ಎರಡು, ಎರಡು, ಸೊನ್ನೆ, ಮೂರು. ಈಗ ನಿನ್ನ ಪರ್ಸು ತೆಗಿ."

"ತೆಗೆಯಲ್ಲ."

"ತೆಗಿ," ಎಂದರು ಸಬ್ ಇನ್‌ಸ್ಪೆಕ್ಟರ್.

ಪರ್ಸು ಹೊರಬಂತು. ಅದರಲ್ಲಿದ್ದದ್ದು ಒಂದೇ ಕಾರ್ಡು, ನೀಲಿಯದು. ಸಬ್ ಇನ್‌ಸ್ಪೆಕ್ಟರ್ ಅದನ್ನು ಬೆಳಕಿಗೆ ಹಿಡಿದು ಅಂಕಿಗಳನ್ನು ಒಂದೊಂದಾಗಿ ಓದಿದರು. ಎರಡು. ಎರಡು. ಸೊನ್ನೆ. ಮೂರು.

ಮಗ ಎರಡೂ ಕೈಗಳನ್ನು ಮೇಜಿನ ಗಾಜಿನ ಮೇಲೆ ಚಾಚಿ ಇಟ್ಟು ತಲೆ ತಗ್ಗಿಸಿದ.

"ಹೂಂ. ನಾನೇ ಕಟ್ಟಿದ್ದು."

"ಯಾಕೆ?"

"ಔಷಧಿ ಅಂಗಡಿಯೋರು ಕಂದಾಯದ ರಸೀದಿ ತೋರಿಸಿದ್ರೆ ಮಾತ್ರ ಮುಂಗಡ ಕೊಡ್ತೀನಿ ಅಂದ್ರು. ಅಪ್ಪ ಈ ವರ್ಷ ಆ ಹಾಳು ವಿಚಾರಣೆ ಆಗೋ ತನಕ ಕಟ್ಟಲ್ಲ ಅಂತ ಕೂತಿದ್ರು. ಹಂಡೆ ಇಡೋ ತಗಡಿಗೆ ಹನ್ನೊಂದು ವರ್ಷ! ನಂಗೆ ಸಾಕಾಗಿ ಹೋಗಿತ್ತು. ಕಟ್ಟಿಬಿಟ್ಟೆ. ಅಪ್ಪನ ಮೊಬೈಲಿಗೆ ಮೆಸೇಜ್ ಹೋಗತ್ತೆ ಅಂತ ಹೊಳೀಲೇ ಇಲ್ಲ. ಆಫೀಸಲ್ಲಿ ಅವರ ನಂಬರೇ ಇತ್ತು."

"ಆಮೇಲೆ?"

"ಆಮೇಲೇನು? ಒಳಗಿಂದ ಬಂದ್ರು. ಮೆಸೇಜ್ ತೋರಿಸಿದ್ರು. ಬೈತಾರೆ ಅಂದ್ಕೊಂಡೆ. ಬೈಲಿಲ್ಲ. 'ಶುಲ್ಕಾನೂ ಕಟ್ಟಿದ್ದೀಯಾ?' ಅಂತ ಅಷ್ಟೇ ಕೇಳಿದ್ರು. ಮೊಳೆಯಿಂದ ಕತ್ತರಿ ತೆಗೊಂಡ್ರು, ಚೀಲಕ್ಕೆ ಹಾಕ್ಕೊಂಡ್ರು, ಹೋದ್ರು. ದೇವರಾಣೆ, ಅಷ್ಟೇ. ಎಲ್ಲಿದ್ದಾರೋ ನಂಗೊತ್ತಿಲ್ಲ."

"ಯಾತ್ರೆ ಅಂದಿದ್ದು?"

"ಮಾರೋದು ಇಷ್ಟ ಇಲ್ದೆ ಮನೆ ಬಿಟ್ಟು ಹೋದ್ರು ಅಂದ್ರೆ ಮುಂಗಡ ಕೊಟ್ಟೋರು ವಾಪಸ್ ಕೇಳ್ತಾರೆ ಅಂತ..."

"ದೇವರಾಣೆ ಅಂತೆ," ಎಂದರು ಕ್ಯಾಷಿಯರಮ್ಮ. "ಎಂಟು ದಿನ ಪೊಲೀಸರಿಗೆ ಸುಳ್ಳು ಹೇಳಿದ ಬಾಯಲ್ಲಿ ದೇವರ ಹೆಸರು ತೆಗೀಬೇಡ. ಜಗಳ ಆಗಿದೆ. ಕೈಗೆ ಕತ್ತರಿ ಬಂದಿದೆ. ಅದಾದ ಮೇಲೆ ಆ ಮನುಷ್ಯನನ್ನ ಯಾರೂ ನೋಡಿಲ್ಲ. ನಾವೇನಂತ ತಿಳ್ಕೊಬೇಕು?"

ಸಬ್ ಇನ್‌ಸ್ಪೆಕ್ಟರ್ ಮೇಜನ್ನು ಸುತ್ತಿ ಬಂದು ಮಗನ ಭುಜದ ಮೇಲೆ ಕೈಯಿಟ್ಟರು. "ಹಿತ್ತಿಲನ್ನೂ ನೋಡ್ಬೇಕಾಗತ್ತೆ. ಆ ತಗಡಿನ ಕೆಳಗಿನ ನೆಲ ಅಗೆಸ್ತೀನಿ. ಎದ್ದೇಳು. ಠಾಣೇಲಿ ಮಾತಾಡೋಣ."

"ಅಗೀರಿ ಸಾಹೇಬ್ರೇ, ಮನೇನೇ ಅಗೆದು ನೋಡಿ! ನಾನು ದುಡ್ಡಿಗೆ ಆಸೆಪಟ್ಟೆ, ಒಪ್ತೀನಿ. ಅಪ್ಪನ ಮೈ ಮುಟ್ಟಿಲ್ಲ!"

ಕ್ಯಾಷಿಯರಮ್ಮನಿಗೆ ಅವನ ಅಳು ಕಂಡು ಕರುಣೆ ಬರಲಿಲ್ಲ. ಲೆಕ್ಕ ಸರಿಹೊಂದಿದಾಗ ಸಂಜೆ ಕಿಟಕಿ ಎಳೆಯುವ ಸಮಾಧಾನವಷ್ಟೇ ಬಂತು. ಕಾಗದಗಳನ್ನು ಚೀಲಕ್ಕೆ ಸೇರಿಸಲು ಕೈಚಾಚಿದರು.

ಆಗ ಚೀಲದ ತಳದಲ್ಲಿ ಏನೋ ಗುಂಯ್ ಎಂದಿತು.

ಅವರ ಕೈ ಅಲ್ಲೇ ನಿಂತಿತು. ಅವರ ಮೊಬೈಲು ಮೇಜಿನ ಮೇಲಿತ್ತು, ಅದು ಸುಮ್ಮನಿತ್ತು. ಗುಂಯ್ ಎಂದದ್ದು ಅವರ ಹಳೆಯ ಫೋನು, ಗುಂಡಿ ಒತ್ತುವಂಥದು.

ಆ ಹಳೆಯ ನಂಬರು ಈಗ ಯಾರ ಬಳಿಯೂ ಇರಲಿಲ್ಲ. ಕೆಲಸದಲ್ಲಿದ್ದಾಗ ಕಚೇರಿಯವರು ಫೋನು ಕೊಡದ ಕಾರಣ, ದೂರು ಹೇಳುವವರಿಗೆಂದು ಅವರದೇ ನಂಬರನ್ನು ಮೂರನೇ ಕಿಟಕಿಯ ಗಾಜಿಗೆ ಅಂಟಿಸಿತ್ತು. ಗಂಡನ ಕೊನೆಯ ಕರೆ ಬಂದದ್ದೂ ಅದಕ್ಕೇ. ಬೇರೆ ಫೋನು ತೆಗೆದುಕೊಂಡ ಮೇಲೂ ಅವರು ಅದನ್ನು ಬಿಡಲಿಲ್ಲ. ದಿನವೂ ಸಂಜೆ ಪ್ರಾರ್ಥನೆ ಮುಗಿದ ಮೇಲೆ, ದೀಪಕ್ಕೆ ಎಣ್ಣೆ ಹಾಕುವವರಂತೆ ಅದನ್ನು ಚಾರ್ಜಿಗೆ ಇಡುತ್ತಿದ್ದರು. ಎರಡು ವರ್ಷದಿಂದ ಅದು ಒಮ್ಮೆಯೂ ದನಿ ಎತ್ತಿರಲಿಲ್ಲ.

ಅದನ್ನು ಹೊರತೆಗೆದು ಗುಂಡಿ ಒತ್ತಿದರು. ಕಂದಾಯ ಕಚೇರಿಯ ಸಂದೇಶ.

ಇದೇ ಮನೆಯ ಸಂಖ್ಯೆ. ಎರಡನೇ ಕಂತಿನ ಕಂದಾಯ ಸಂದಾಯವಾಗಿದೆ. ಅನುಕೂಲ ಶುಲ್ಕ ತೊಂಬತ್ತಮೂರು ರೂಪಾಯಿ ಅರವತ್ತು ಪೈಸೆ. ಸಮಯ ಹನ್ನೊಂದೂ ನಲವತ್ತೊಂದು.

ಗೋಡೆಯ ಗಡಿಯಾರದಲ್ಲಿ ಆಗ ಹನ್ನೊಂದೂ ನಲವತ್ತೆರಡು. ಮಗನ ಎರಡೂ ಕೈಗಳು ಇನ್ನೂ ಗಾಜಿನ ಮೇಲೇ ಇದ್ದವು. ಅವನ ನೀಲಿ ಕಾರ್ಡು ಸಬ್ ಇನ್‌ಸ್ಪೆಕ್ಟರ್ ಬೆರಳುಗಳ ನಡುವೆ ಇತ್ತು.

"ಸಾಹೇಬ್ರೇ, ಒಂದು ನಿಮಿಷ ತಡೀರಿ."

"ಏನಮ್ಮಾ?"

ಅವರು ಸಂದೇಶವನ್ನು ಮತ್ತೊಮ್ಮೆ ಓದಿದರು. ಆ ನಂಬರನ್ನು ಯಾರು ಚೌಕದಲ್ಲಿ ತುಂಬಿದರು ಎಂಬುದು ಅವರಿಗೆ ಕೇಳಬೇಕಾದ ಪ್ರಶ್ನೆಯಾಗಿ ಉಳಿದಿರಲಿಲ್ಲ. ಗಂಡ ಹೋದ ಮರುದಿನ ಆ ಫೋನು ಒಮ್ಮೆ ಬಡಿದುಕೊಂಡಿತ್ತು. ರಸೀದಿಯಲ್ಲಿ ಒಂದು ಅಂಕಿ ತಪ್ಪಾಗಿದೆ ಎಂದು ಜಗಳಕ್ಕೆ ಬಂದವನು ತಕರಾರು ತಾತ. ಅವರಿಗೆ ಉತ್ತರಿಸಲು ಆಗಲಿಲ್ಲ, ಅತ್ತುಬಿಟ್ಟರು. ಅವನು ಒಂದು ಮಾತನ್ನೂ ಆಡದೆ, ಫೋನನ್ನೂ ಇಡದೆ, ಅವರ ಅಳು ನಿಲ್ಲುವವರೆಗೆ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಮೆಲ್ಲಗೆ ಇಟ್ಟ. ಮುಂದಿನ ವರ್ಷದಿಂದ ಚಿಲ್ಲರೆ ಸರಿಯಾಗಿ ಎಣಿಸಿ ತರುತ್ತಿದ್ದ. ಆ ನಂಬರು ಅವನಿಗೆ ಬಾಯಿಪಾಠ.

ಬದುಕಿದ್ದಾನೆ!

ಬದುಕಿದ್ದಾನೆ, ಆದರೆ ಶುಲ್ಕ ಕಟ್ಟಿದ್ದಾನೆ. ಅವನ ಕೈಯಿಂದ ಆ ತೊಂಬತ್ತಮೂರು ರೂಪಾಯಿ ಅರವತ್ತು ಪೈಸೆ ಕೀಳಬಲ್ಲವರು ಯಾರು? ಎಂಥವರ ಕೈಗೆ ಸಿಕ್ಕಿದ್ದಾನೆ?

ಸಂದೇಶದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಕಾರ್ಡಿನ ಕೊನೆಯ ನಾಲ್ಕು ಅಂಕಿ. ಏಳು, ಒಂದು, ಐದು, ಎಂಟು.

ಅಂಕಿಯನ್ನು ಒಮ್ಮೆ ಕಂಡರೆ ಮರೆಯದ ಕಣ್ಣು ಅವರದು. ಆದರೂ ನಂಬದೆ, ದೃಢೀಕೃತ ನಕಲಿನ ಮೂಲೆಯಲ್ಲಿ ಪಿನ್ನು ಹಾಕಿದ್ದ ಚೀಟಿಯನ್ನು ಕಣ್ಣ ಹತ್ತಿರ ಹಿಡಿದರು. ನಿನ್ನೆ ನಕಲಿಗೆಂದು ಉಜ್ಜಿದ ಕಾರ್ಡು. ಏಳು, ಒಂದು, ಐದು, ಎಂಟು.

"ಅಪ್ಪನಿಗೆ ಹೇಳ್ಬೇಡಿ ದೊಡ್ಡಮ್ಮ."

ಇಲ್ಲದವನಿಗೆ ಯಾರೂ ಹಾಗೆ ಹೆದರುವುದಿಲ್ಲ. ಸಂಜೆ ಮನೆಗೆ ಹೋದರೆ ಬೈಯುವವನು ಇದ್ದಾಗ ಆಡುವ ಮಾತು ಅದು.

"ನಿನ್ನ ತಂಗಿಗೆ," ಎಂದು ಅವರು ಮಗನ ಕಡೆ ತಿರುಗಿದರು. "ಹೊಲಿಗೆ ಬರಲ್ಲ ಅಂದ್ಯಲ್ಲ. ನಿಜಾನಾ?"

"ಇದೆಂಥಾ ಪ್ರಶ್ನೆ? ದಾರ ಪೋಣಿಸೋಕೂ ಬರಲ್ಲ. ಪೆಡಲ್ ತುಳಿದ್ರೆ ಮಷೀನು ಹಿಂದಕ್ಕೆ ಓಡತ್ತೆ ಅಂತ ಅಪ್ಪ ಅವಳನ್ನ ಹತ್ರಾನೂ ಸೇರಿಸ್ತಿರಲಿಲ್ಲ."

ಈ ವಾರವೆಲ್ಲ ಅವಳಿಗೆ ಬೆಳಗಿನ ಡ್ಯೂಟಿ. ಏಳಕ್ಕೆ ಮನೆ ಬಿಟ್ಟರೆ ಮೂರರ ತನಕ ಬರುವುದಿಲ್ಲ ಎಂದು ಅವಳೇ ಹೇಳಿದ್ದಳು. ಅದಕ್ಕೇ ಇವತ್ತು ಅಣ್ಣನ ಎದುರಿಗೆ ಕೂರಲು ಆಗುವುದಿಲ್ಲ ಎಂದು ಕ್ಷಮೆ ಬೇರೆ ಕೇಳಿದ್ದಳು. ಏಳು ಗಂಟೆಗೆ ಮಹಡಿಯ ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಇಳಿದು ಹೋದದ್ದನ್ನು ಕ್ಯಾಷಿಯರಮ್ಮ ತಾವೇ ಕೇಳಿದ್ದರು.

ಒಂಬತ್ತೂವರೆಗೆ ಮಷೀನು ಓಡುತ್ತಿತ್ತು.

ಏಳು ದಿನ. ಅವರ ತಲೆಯ ಮೇಲೇ. ಅವರು ದೇವರಿಗೆ ಕೈಮುಗಿದು ಕೇಳಿಸಿಕೊಂಡ ಸದ್ದು.

"ಅಮ್ಮಾ, ಏನಾಯ್ತು? ನೀರು ಬೇಕಾ?" ಸಬ್ ಇನ್‌ಸ್ಪೆಕ್ಟರ್ ಮಗನ ಭುಜ ಬಿಟ್ಟಿರಲಿಲ್ಲ. "ನಾನು ಇವನನ್ನ ಜೀಪಿಗೆ ಹತ್ತಿಸ್ತೀನಿ. ನೀವು ಹೇಳಿದ್ದೇ ಸರಿ. ಎಲ್ಲ ಕೂಡಿ ಬಂತು."

ಎಲ್ಲ ಕೂಡಿ ಬಂದಿತ್ತು. ಕೂಡಿಸಿದವರು ಅವರೇ. ಮಗನ ಕಣ್ಣೀರು ಗಾಜಿನ ಮೇಲೆ ಬಿದ್ದು ಮೊಬೈಲ್ ಕವರುಗಳ ಚಿತ್ರಗಳನ್ನು ಕಲಸುತ್ತಿತ್ತು.

ಮೇಜಿನ ಮೇಲಿದ್ದ ಮೊಬೈಲು ಆಗ ಬಡಿದುಕೊಂಡಿತು. ದರ್ಜಿಯ ಮಗಳ ಹೆಸರು ಬೆಳಗಿತು.

ಕ್ಯಾಷಿಯರಮ್ಮ ಕಿವಿಗೆ ಹಿಡಿದರು.

"ದೊಡ್ಡಮ್ಮ, ಅಣ್ಣ ಒಪ್ಪಿಕೊಂಡ್ನಾ?" ಉಸಿರು ಬಿಗಿಹಿಡಿದ ದನಿ.

"ಒಪ್ಪಿಕೊಂಡ ಕಣಮ್ಮಾ." ಮೂವತ್ತು ವರ್ಷ ಕಿಟಕಿಯ ಹಿಂದೆ ಕೂತು ಮುಖದಲ್ಲಿ ಏನನ್ನೂ ತೋರಿಸದೆ ಇರಲು ಕಲಿತಿದ್ದರು. ಅದು ಈಗ ದನಿಗೂ ಬಂತು. "ನೀನೆಲ್ಲಿದ್ದೀಯಮ್ಮಾ?"

"ಇನ್ನೆಲ್ಲಿ ದೊಡ್ಡಮ್ಮ? ವಾರ್ಡಲ್ಲೇ. ಡ್ಯೂಟೀಲಿ."

ಆ ದನಿಯ ಹಿಂದೆ ಟಕಟಕ, ಟಕಟಕ. ಓಡುತ್ತಿತ್ತು. ನಿಂತಿತು.

ಆಮೇಲೆ ಕತ್ತರಿಯನ್ನು ಹಲಗೆಯ ಮೇಲೆ ಇಟ್ಟ ಸಣ್ಣ ಸದ್ದು. ಅದರ ಹಿಂದೆಯೇ, ಮೂರನೇ ಕಿಟಕಿಯ ಕಂಬಿಗಳ ನಡುವಿನಿಂದ ವರ್ಷ ವರ್ಷ ಕೇಳಿದ ಆ ಒರಟು ಗಂಟಲು. ಅದರಲ್ಲಿ ಭಯವಿರಲಿಲ್ಲ, ಬಳಲಿಕೆಯೂ ಇರಲಿಲ್ಲ.

"ಯಾರು, ಕಿಟಕಿಯಮ್ಮನಾ? ತೊಂಬತ್ತಮೂರು ಅರವತ್ತು ಕೊಟ್ಟು ಕಳಿಸಿದ್ದೀನಿ, ನನ್ನ ಮೆಸೇಜು ಬಂತಾ ಕೇಳು."